ನಿಂತರೆ ಒಂದು ಸೆಂಟಿಮೀಟರು ಕಡಿಮೆ

ಸಮತಾ ಟೀಚರಿಗೆ ‘ಸುಮಾರು’ ಎಂಬ ಮಾತು ಕಂಡರಾಗದು. ಬಸ್ಸು ಎಷ್ಟೊತ್ತಿಗೆ ಬರುತ್ತದೆ ಎಂದು ಕೇಳಿದರೆ ಈಗ ಬರತೈತಿ ಅನ್ನುವವರು, ಊರು ಎಷ್ಟು ದೂರ ಎಂದರೆ ಇಲ್ಲೇ ಐತಿ ನಡೀರಿ ಅನ್ನುವವರು, ಸಾರಿಗೆ ಉಪ್ಪು ಎಷ್ಟು ಎಂದರೆ ಕೈಗೆ ಬಂದಷ್ಟು ಅನ್ನುವ ಅತ್ತೆ, ಇವರ ನಡುವೆಯೇ ಬಾಳುವೆ ಮಾಡಬೇಕಾಗಿ ಬಂದದ್ದು ಅವಳ ಹಣೆಬರಹ. ಇಂಥವಳಿಗೆ ಹುಡುಕಿ ಹುಡುಕಿ ಹೂವಿನ ಹಡಗಲಿ ಸೀಮೆಯಲ್ಲೇ ನೌಕರಿ ಕೊಟ್ಟ ಸರ್ಕಾರಕ್ಕೂ ಒಂದಿಷ್ಟು ತಮಾಷೆ ಗೊತ್ತಿರಬೇಕು. ಇಲ್ಲಿ ಮಲ್ಲಿಗೆಯನ್ನು ಮೊಳ ಹಾಕಿ ಮಾರುತ್ತಾರೆ. ಮೊಳ ಎಂದರೆ ಮಾರುವವರ ಮೊಳಕೈ ಎಷ್ಟುದ್ದವೋ ಅಷ್ಟು. ಕೊಳ್ಳುವವರೂ ಅದಕ್ಕೆ ತಕರಾರು ಮಾಡುವುದಿಲ್ಲ. ಬೇಕಾದರೆ ಉದ್ದ ಕೈಯವರ ಹತ್ತಿರ ಹೋಗುತ್ತಾರೆ.

ಅವಳು ಹುಟ್ಟಿದ್ದು ಕೊಟ್ಟೂರಿನಲ್ಲಿ, ದರ್ಜಿ ಓಬಳೇಶಪ್ಪನ ಮಗಳಾಗಿ. ಅಪ್ಪನ ಕೊರಳಲ್ಲಿ ಹಗಲೆಲ್ಲ ಟೇಪು ನೇತಾಡುತ್ತಿತ್ತು. ಅಂಗಡಿಗೆ ಬಂದವರು ಕೈ ಅಗಲಿಸಿ, ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವರು. “ಉಸಿರು ಬಿಡ್ರಿ ಯಜಮಾನ್ರ, ಅಂಗಿ ಹೊಟ್ಟಿಗೆ ಹೊಲಿಬೇಕು, ಮರ್ಯಾದಿಗಲ್ಲ,” ಎಂದು ಅಪ್ಪ ರೇಗಿಸುವನು. ಅಪ್ಪ ಹೇಳಿದ ಅಂಕಿಗಳನ್ನು ಬರೆದುಕೊಳ್ಳುವ ಕೆಲಸ ಚಿಕ್ಕ ಸಮತಾಳದು. ಹೀಗಾಗಿ ಮನುಷ್ಯರನ್ನು ಅಳೆಯುವುದೆಂದರೆ ಅವಳ ಪಾಲಿಗೆ ಹಬ್ಬ, ಮದುವೆ, ಹೊಸ ಬಟ್ಟೆಯ ವಾಸನೆ. ಅಳತೆಗೆ ಬೇರೊಂದು ಮುಖವಿದೆಯೆಂಬುದು ಮೂವತ್ತು ದಾಟಿದ ಮೇಲೂ ಅವಳ ತಲೆಗೆ ಹೊಳೆದಿರಲಿಲ್ಲ.

ಮದುವೆಯಾಗಿ ಹಡಗಲಿಗೆ ಬಂದಳು. ಗಂಡ ಅರುಣ್ ಕುಮಾರನಿಗೆ ಬೋರ್‌ವೆಲ್ ಮೋಟಾರು ವೈಂಡಿಂಗ್ ಮಾಡುವ ಅಂಗಡಿ, ಮಗ ಭರತನಿಗೆ ಐದು ವರ್ಷ. ಶಾಲೆ ಇದ್ದದ್ದು ಮಾಗಳ ದಾಟಿ ಹೊಳೆಯ ಕಡೆ ತಿರುಗಿದರೆ ಸಿಗುವ ಒಂದು ಸಣ್ಣ ಊರಿನಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಒಂದು ಬೇವಿನ ಮರ. ದೊಡ್ಡ ಮಕ್ಕಳನ್ನು ಹೆಡ್‌ಮಾಸ್ಟರ್ ಚನ್ನಬಸವ ನೋಡಿಕೊಂಡರೆ, ಒಂದರಿಂದ ಮೂರನೇ ತರಗತಿಯ ಚಿಳ್ಳೆಪಿಳ್ಳೆಗಳೆಲ್ಲ ಸಮತಾಳ ಕೋಣೆಯಲ್ಲಿ.

ಪುಸ್ತಕದಲ್ಲಿ ಮೀಟರು, ಲೀಟರು, ಕಿಲೋಗ್ರಾಂ ಎಂಬ ಮೂವರು ಗುರುತಿಲ್ಲದ ನೆಂಟರು ಸಾಲಾಗಿ ನಿಂತಿರುತ್ತಾರೆ. ಮಕ್ಕಳು ಅವರ ಹೆಸರು ಬಾಯಿಪಾಠ ಮಾಡುತ್ತವೆಯೇ ಹೊರತು ಮಾತಾಡಿಸುವುದಿಲ್ಲ. ಸಮತಾ ಆ ನೆಂಟರನ್ನು ಕೈಹಿಡಿದು ಕೋಣೆಯೊಳಗೆ ಕರೆತಂದಳು. ಮೊದಲು ಮಕ್ಕಳಿಗೆ ಗೇಣು ಹಾಕಿ ಬೆಂಚು ಅಳೆಯಲು ಹೇಳಿದಳು. ಒಬ್ಬನಿಗೆ ಒಂಬತ್ತು ಗೇಣು, ಇನ್ನೊಬ್ಬಳಿಗೆ ಹನ್ನೊಂದು. ನೀನು ಕೈ ಸರಿಯಾಗಿ ಚಾಚಲಿಲ್ಲ, ನೀನು ಬೆರಳು ಜಾರಿಸಿದೆ ಎಂದು ಜಗಳ ಹತ್ತಿತು. ಜಗಳ ಹತ್ತಲಿ ಎಂದೇ ಅವಳು ಕಾದಿದ್ದಳು. “ಬೆಂಚು ಒಂದ, ಉತ್ತರ ಎರಡು. ಈಗ ಯಾರ್ನ ನಂಬೋಣು?” ಎಂದು ಕೇಳಿ, ಪೆಟ್ಟಿಗೆಯಿಂದ ಟೇಪು ತೆಗೆದಳು.

ಅಂದಿನಿಂದ ಆ ಕೋಣೆಯ ವಸ್ತುಗಳಿಗೆಲ್ಲ ಹೊಸ ಗುರುತು ಬಂತು. ಬಾಗಿಲ ಚಿಲಕ ನೆಲದಿಂದ ಸರಿಯಾಗಿ ಒಂದು ಮೀಟರು. ಹೊಸ ಸೀಮೆಸುಣ್ಣದ ಕಡ್ಡಿ ಎಂಟು ಸೆಂಟಿಮೀಟರು. ಲೆಕ್ಕ ಹೆಚ್ಚು ಮಾಡಿದ ದಿನ ಸಂಜೆಗೆ ಐದು. ಬೆಳಿಗ್ಗೆ ಕುಡಿಯುವ ಹಾಲಿನ ಲೋಟ ನೂರೈವತ್ತು ಮಿಲಿಲೀಟರು. ನೀರಿನ ಬಾಟಲಿ ಒಂದು ಲೀಟರು. ಅಡುಗೆಮನೆಯ ಉಪ್ಪಿನ ಪಾಕೀಟು ಒಂದು ಕಿಲೋ, ಅದನ್ನು ಸರದಿಯಂತೆ ಎಲ್ಲರೂ ಎತ್ತಿ ನೋಡಿ, ಇನ್ನೊಂದು ಕೈಯಲ್ಲಿ ಪುಸ್ತಕದ ಚೀಲ ಎತ್ತಿ, ಯಾವುದು ಹೆಚ್ಚು ಎಂದು ಹೇಳಬೇಕು. ಚನ್ನಬಸವ ಮೇಷ್ಟ್ರು ಒಮ್ಮೆ ಒಳಗೆ ಇಣುಕಿ, “ಏನ್ರಿ ಟೀಚರ್, ಸಾಲಿ ನಡಸ್ತೀರೋ ಕಿರಾಣಿ ಅಂಗಡಿ ಹಾಕ್ಯೀರೋ?” ಎಂದು ನಕ್ಕು ಹೋದರು.

ಈ ಅಳತೆಯ ಹುಚ್ಚು ಎಲ್ಲರಿಗಿಂತ ಹೆಚ್ಚು ಹಿಡಿದದ್ದು ಮೂರನೇ ತರಗತಿಯ ರೋಜಾಳಿಗೆ. ಎರಡು ಜಡೆಯ ಹುಡುಗಿ, ಒಂದು ಜಡೆ ಸದಾ ಬಿಚ್ಚಿರುತ್ತಿತ್ತು. ಓದುವುದೆಂದರೆ ಅಷ್ಟಕ್ಕಷ್ಟೇ, ಬರೆಯುವುದೆಂದರೆ ಹೊಟ್ಟೆನೋವು. ಅಪ್ಪ ಸತ್ತ ಮೇಲೆ ಒಂದು ವರ್ಷ ಬಾಯಿಯನ್ನೇ ಬಿಟ್ಟಿರಲಿಲ್ಲ. ಅಂಥವಳು ಟೇಪು ಕೈಗೆ ಬಂದದ್ದೇ ಮಾತಾಡತೊಡಗಿದಳು. ಸಮತಾ ಅವಳಿಗೆ ರಟ್ಟಿನ ಪಟ್ಟಿಗೆ ಗೆರೆ ಹಾಕಿ ಒಂದು ಮೀಟರು ಮಾಡಿಕೊಟ್ಟಿದ್ದಳು. ಅದನ್ನು ಹಿಡಿದು ಹುಡುಗಿ ಊರೆಲ್ಲ ಅಲೆದಳು. ಮೇಕೆಯ ಬಾಲ, ಹೊಸಿಲು, ಒಲೆಯ ಬಾಯಿ, ಕಡೆಗೆ ಅಜ್ಜಿ ಪಕ್ಕೀರಮ್ಮನ ಮೊಳಕೈ.

“ಟೀಚರ್, ನಮ್ಮಜ್ಜಿ ಮೊಳ ನಲವತ್ತೊಂದು ಸೆಂಟಿಮೀಟ್ರು ಐತ್ರಿ. ಆಕಡಿ ಮನಿ ನಾಗಕ್ಕಂದು ನಲವತ್ನಾಲ್ಕು.”

“ಅಜ್ಜಿಗೆ ಹೇಳಿದೇನು?”

“ಹೇಳೀನ್ರಿ. ಹೂವು ಘಮ್ ಅಂತಾವಲ್ಲ, ಆ ಘಮಕ್ಕ ಅಳತಿ ಐತೇನ ನಿಮ್ಮ ಟೀಚರ್ ಹತ್ರ, ಕೇಳಿ ಬಾ ಅಂದ್ಲು.”

ಸಮತಾ ಬಿದ್ದು ಬಿದ್ದು ನಕ್ಕಳು. ಆ ಮುದುಕಿಯನ್ನು ಅವಳು ನೋಡಿರಲಿಲ್ಲ, ಆದರೂ ಅಂದೇ ಇಷ್ಟವಾದಳು. ಮೂಗಿಯಂತಿದ್ದ ಮಗು ಹೀಗೆ ಮನೆಯ ಮಾತನ್ನು ಶಾಲೆಗೆ, ಶಾಲೆಯ ಮಾತನ್ನು ಮನೆಗೆ ಹೊತ್ತು ತಿರುಗುವುದನ್ನು ನೋಡಿ ಅವಳಿಗೆ ಹೊಟ್ಟೆ ತಣ್ಣಗಾಯಿತು. ಮೇಷ್ಟ್ರ ಕೆಲಸದಲ್ಲಿ ಇಂಥ ಮಗು ವರ್ಷಕ್ಕೊಂದು ಸಿಕ್ಕರೆ ಅದೇ ಪುಣ್ಯ.

ತಪ್ಪು ನಡೆದದ್ದು ಇದಾದ ಮೇಲೆ. ತಪ್ಪು ಯಾರದು ಎಂದರೆ ಅರ್ಧ ಗೋಡೆಯದು ಎನ್ನಬೇಕು. ಆ ಸಲ ಯಾರೋ ದಾನಿಗಳು ಶಾಲೆಯ ಗೋಡೆಗೆ ರೈಲಿನ ಚಿತ್ರ ಬರೆಸಿದ್ದರು. ಚನ್ನಬಸವ ಮೇಷ್ಟ್ರಿಗೆ ಆ ರೈಲು ಸ್ವಂತ ಮಗಳಿದ್ದಂತೆ. “ಗ್ವಾಡಿ ಮ್ಯಾಲ ಒಂದು ಗೆರಿ ಬಿದ್ರೂ ನಾ ಸುಮ್ಕಿರಂಗಿಲ್ರಿ ಟೀಚರ್,” ಎಂದು ಮೊದಲೇ ಹೇಳಿಟ್ಟಿದ್ದರು. ಸಮತಾಳಿಗೆ ಅಂದು ಮಕ್ಕಳ ಎತ್ತರ ಅಳೆಯುವ ಪಾಠ. ಗೋಡೆಗೆ ಆನಿಸಿ ಗುರುತು ಮಾಡುವಂತಿಲ್ಲ. ನೆಲವೇನು ಸಾಲದೇ ಎಂದುಕೊಂಡಳು. ಕೋಣೆಯ ಉದ್ದಕ್ಕೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಅಂಗಾತ ಮಲಗಿಸಿದಳು. ನೆತ್ತಿಯ ಹತ್ತಿರ ಒಂದು ಗೆರೆ, ಹಿಮ್ಮಡಿಯ ಹತ್ತಿರ ಒಂದು ಗೆರೆ, ಎದ್ದು ನಿಂತು ತಮ್ಮ ಅಳತೆಯನ್ನು ತಾವೇ ಟೇಪು ಹಿಡಿದು ಓದಬೇಕು. ಮಕ್ಕಳಿಗೆ ಅದಕ್ಕಿಂತ ಮಜಾ ಯಾವುದು? ನಕ್ಕವು, ಕಚಗುಳಿಯಿಟ್ಟವು, ಸುಳ್ಳೇ ಗೊರಕೆ ಹೊಡೆದವು. ರೋಜಾ ನೂರಾ ಹದಿನೆಂಟು ಸೆಂಟಿಮೀಟರು ಬಂದಳು. ಅದನ್ನು ಅಂಗೈ ಮೇಲೆ ಬರೆಸಿಕೊಂಡು ಮನೆಗೆ ಓಡಿದಳು.

ಮರುದಿನ ಅವಳು ಶಾಲೆಗೆ ಬರಲಿಲ್ಲ. ಆಮೇಲೂ ಬರಲಿಲ್ಲ. ಜ್ವರ ಎಂದು ಯಾರೋ ಹೇಳಿದರು. ಜ್ವರ ಬಿಟ್ಟು ಅಂಗಳದಲ್ಲಿ ಆಡುತ್ತಿದ್ದಾಳೆ ಎಂದು ಇನ್ನೊಬ್ಬರು ಹೇಳಿದರು. ಕೊನೆಗೆ ಚನ್ನಬಸವ ಮೇಷ್ಟ್ರೇ ಕರೆದು, “ಟೀಚರ್, ಆ ಹುಡುಗಿನ್ನ ಇನ್ನ ಕಳಸಂಗಿಲ್ಲಂತ. ಅವರಜ್ಜಿ ಭಾಳ ಸಿಟ್ಟಾಗ್ಯಾಳ. ನೀವ ಒಂದ್ಸಲ ಹೋಗಿ ಬರ್ರಿ,” ಎಂದರು.

ಪಕ್ಕೀರಮ್ಮ ಅಂಗಳದಲ್ಲಿ ಕಾಲು ಚಾಚಿ ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದಳು. ಸೊಸೆ, ರೋಜಾಳ ಅವ್ವ ರೇಣುಕಾ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಆ ಮನೆಯಲ್ಲಿ ಅತ್ತೆಯ ಮಾತಿಗೆ ಎದುರಾಡುವ ರೂಢಿ ಇರಲಿಲ್ಲ. ಮುದುಕಿಯ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಅದೇ ಸಮತಾಳಿಗೆ ಹೆದರಿಕೆ ಹುಟ್ಟಿಸಿತು. ಸಿಟ್ಟಾದವರನ್ನು ಸಮಾಧಾನ ಮಾಡಬಹುದು.

“ಬರ್ರಿ ಟೀಚರಮ್ಮ, ಕುಂದರ್ರಿ,” ಎಂದು ಚಾಪೆ ಸರಿಸಿ, ಕೈಯ ಕೆಲಸ ನಿಲ್ಲಿಸದೆ ಹೇಳಿದಳು. “ಆ ದಿನ ನಮ್ಮ ಹುಡುಗಿ ಸಾಲಿ ಬಿಟ್ಟು ಬಂದಾಕೀನ, ಇಲ್ಲೇ, ನೀವು ಕುಂತಿರಲ್ಲ ಅಲ್ಲೇ, ಉತ್ತರಕ್ಕ ತಲಿ ಮಾಡಿ ಮಲಗಿದ್ಲು. ಕೈ ನೆಟ್ಟಗ ಇಟಗಂಡು ಕಣ್ಣು ಮುಚ್ಚಿಗಂಡು, ‘ಅಜ್ಜಿ, ತಲಿಯಿಂದ ಕಾಲಿನ ಮಟ ನನ್ನ ಅಳಿ’ ಅಂದ್ಲು. ನನ್ನ ಎದಿ ಒಡದು ನೀರಾತು ನೋಡ್ರಿ.”

ಸಮತಾಳಿಗೆ ಇನ್ನೂ ಅರ್ಥವಾಗಿರಲಿಲ್ಲ. ಮುದುಕಿ ಅವಳ ಮುಖ ನೋಡಿ, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು.

“ನನ್ನ ಮಗ ಹುಲುಗೇಶ ಕಾಮಾಲಿಯಾಗಿ ಹೋದಾಗ ಇದೇ ಅಂಗಳದಾಗ ಮಲಗಿಸಿದ್ವಿ. ತೆಗ್ಗು ತೋಡೋರು ಬಂದ್ರು. ಒಂದು ಜ್ವಾಳದ ದಂಟು ತಗಂಡು ತಲಿಯಿಂದ ಕಾಲಿನ ಮಟ ಹಿಡದು, ಅಷ್ಟಕ್ಕ ಮುರಕಂಡು ಹೊಲಕ್ಕ ಹೋದ್ರು. ಮಲಗಿದೋರನ್ನ ಅಳಿಯೋದು ಅದೊಂದಕ್ಕ ಟೀಚರಮ್ಮ. ಮತ್ಯಾದಕ್ಕೂ ಅಳಿಯಂಗಿಲ್ಲ. ನಮ್ಮ ಮಂದಿ ಕುರಿ ಸೈತ ಎಣಿಸಂಗಿಲ್ಲ, ಮಲಗಿದ ಕೂಸಿನ್ನ ದಾಟಂಗಿಲ್ಲ. ನೀವು ಜೀವಂತ ಹುಡುಗಿನ್ನ ಮಲಗಿಸಿ ಗೆರಿ ಎಳದೀರಿ. ಮರುದಿನಾನ ಜ್ವರ ಬಂತು.”

ಸಮತಾಳೂ ಇದೇ ನೆಲದವಳು. ಉತ್ತರಕ್ಕೆ ತಲೆ ಹಾಕಿ ಮಲಗಬಾರದೆಂದು ಅವಳ ಅವ್ವನೂ ಹೇಳುತ್ತಿದ್ದಳು. ಜೋಳದ ದಂಟು ಮುರಿದು ಅಳತೆ ತೆಗೆಯುವುದನ್ನು ಚಿಕ್ಕಂದಿನಲ್ಲಿ ತಾತನ ಸಾವಿನಲ್ಲಿ ಅವಳೂ ನೋಡಿದ್ದಳು. ಆದರೆ ಅಂದು ಕೋಣೆಯಲ್ಲಿ ಮಕ್ಕಳು ನಗುತ್ತಿರುವಾಗ ಅದು ನೆನಪಿಗೇ ಬರಲಿಲ್ಲ. ದರ್ಜಿಯ ಮಗಳಿಗೆ ಟೇಪು ಕಂಡಿತ್ತು, ನೆಲ ಕಂಡಿರಲಿಲ್ಲ.

“ತಪ್ಪಾತ್ರಿ ಅಜ್ಜಿ,” ಎಂದಳು. “ನನಗ ಹೊಳೀಲಿಲ್ಲ.”

“ನಿಮ್ಮನ್ನೇನು ಬೈಯಂಗಿಲ್ಲ. ಅಮಾಸಿ ಕಳದ ಮ್ಯಾಲ ಹುಡುಗಿನ್ನ ಕೂಡ್ಲಿಗಿ ಕಡಿ ನನ್ನ ಮಗಳ ಮನಿಗೆ ಕಳಸ್ತೀನಿ. ಅಲ್ಲಿ ಕುರಿ ಅದಾವು, ಕುರಿ ಜತಿಗೆ ಇರತಾಳ. ಆ ಗೆರಿ ಐತಲ್ಲ, ಆ ಕ್ವಾಣಿಗೆ ಆಕಿ ಮತ್ತ ಕಾಲಿಡೋದು ಬ್ಯಾಡ.”

ಕುರಿಯ ಜೊತೆ ಇರುವುದು ಎಂದರೇನೆಂದು ಸಮತಾಳಿಗೆ ಗೊತ್ತಿತ್ತು. ಮಂದೆ ಹೊಡೆದುಕೊಂಡು ಊರಿಂದೂರಿಗೆ ಹೋಗುವವರ ಮಕ್ಕಳಿಗೆ ಶಾಲೆ ದಾರಿಯಲ್ಲಿ ಕಂಡು ಹಿಂದೆ ಸರಿಯುವ ಒಂದು ಕಟ್ಟಡ ಅಷ್ಟೆ. ಬಾಗಿಲ ಹಿಂದೆ ನಿಂತಿದ್ದ ರೋಜಾಳಿಗೂ ಅದು ಗೊತ್ತಿತ್ತೇನೋ, ರಟ್ಟಿನ ಪಟ್ಟಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ತಾನು ಮಾತಾಡಿಸಿದ ಮಗುವನ್ನು ತಾನೇ ಕೈಯಾರೆ ಕಳೆದುಕೊಳ್ಳುತ್ತಿದ್ದೇನೆ ಎನ್ನಿಸಿತು ಸಮತಾಳಿಗೆ.

ಆಗ ಅವಳು ತನ್ನ ಹಳೆಯ ಚಾಳಿಗೆ ಬಿದ್ದಳು. ಅಂಕಿಯ ಮೇಲೆ ಅವಳಿಗೆ ಅಷ್ಟು ನಂಬಿಕೆ.

“ಅಜ್ಜಿ, ಈಗ ಹುಡುಗಿನ್ನ ನಿಂದ್ರಿಸಿ ಅಳೀತೀನಿ. ಮಲಗಿಸಿ ಅಳದಾಗ ನೂರಾ ಹದಿನೆಂಟು ಇತ್ತು. ಈಗೂ ಅಷ್ಟ ಬರತೈತಿ. ಹುಡುಗಿಗೆ ಏನೂ ಆಗಿಲ್ಲಂತ ನಿಮ್ಮ ಕಣ್ಣಿಲೆ ನೀವ ನೋಡ್ರಿ.”

ಪಕ್ಕೀರಮ್ಮ ಬುಟ್ಟಿಯಿಂದ ಇನ್ನೊಂದು ಹಿಡಿ ಮೊಗ್ಗು ತೆಗೆದುಕೊಂಡಳು. ಸಮತಾ ರೋಜಾಳನ್ನು ಬಾಗಿಲ ಚೌಕಟ್ಟಿಗೆ ಆನಿಸಿ ನಿಲ್ಲಿಸಿದಳು. ಹಿಮ್ಮಡಿ ತಾಗಿಸಿ, ನೆತ್ತಿಯ ಮೇಲೆ ಪುಸ್ತಕ ಮಟ್ಟಸವಾಗಿ ಇಟ್ಟು, ಗುರುತು ಹಾಕಿದಳು. ರೋಜಾಳಿಗೆ ಬಹಳ ದಿನದ ಮೇಲೆ ಟೇಪು ಕೈಗೆ ಬಂದ ಖುಷಿ. ತಾನೇ ಕೆಳಗಿನಿಂದ ಹಿಡಿದು, ಬೆರಳಿಟ್ಟು, ಗಟ್ಟಿಯಾಗಿ ಓದಿದಳು.

“ನೂರಾ ಹದಿನೇಳು.”

ಒಳಗಿನ ರೊಟ್ಟಿಯ ಸಪ್ಪಳ ನಿಂತಿತು. ಸಮತಾ ಇನ್ನೊಮ್ಮೆ ಅಳೆದಳು. ಹುಡುಗಿಯನ್ನು ನೆಟ್ಟಗೆ ನಿಲ್ಲಲು ಹೇಳಿ ಮತ್ತೊಮ್ಮೆ ಅಳೆದಳು. ನೂರಾ ಹದಿನೇಳೇ. ಓದಿದ್ದನ್ನು ಓದಿದಂತೆ ಹೇಳಬೇಕು, ಒಂದು ಗೆರೆಯೂ ಹೆಚ್ಚುಕಡಿಮೆ ಮಾಡಬಾರದು ಎಂದು ಆ ಮಗುವಿಗೆ ಕಲಿಸಿದವಳು ತಾನೇ. ಈಗ ಸುಳ್ಳು ಹೇಳೆಂದು ಕಣ್ಸನ್ನೆ ಮಾಡಲಾಗುತ್ತದೆಯೇ?

ಪಕ್ಕೀರಮ್ಮನಿಗೆ ಸೆಂಟಿಮೀಟರು ಗೊತ್ತಿರಲಿಲ್ಲ. ಆದರೆ ಹದಿನೆಂಟಕ್ಕಿಂತ ಹದಿನೇಳು ಕಡಿಮೆಯೆಂಬುದು ಹೂ ಮಾರುವವಳಿಗೆ ಹೇಳಿಕೊಡಬೇಕಿಲ್ಲ.

“ಬೆಳಿಯೋ ಹುಡುಗಿ ಕುಗ್ಗ್ಯಾಳ,” ಎಂದು ಮೆಲ್ಲಗೆ ಹೇಳಿ, ರೋಜಾಳನ್ನು ಎಳೆದು ಮಗ್ಗುಲಲ್ಲಿ ಕೂರಿಸಿಕೊಂಡಳು. “ಇನ್ನ ನೀವು ಹೋಗಿ ಬರ್ರಿ ಟೀಚರಮ್ಮ.”

ಗಾಯದ ಮೇಲೆ ಬರೆ ಎಂದರೆ ಇದೇ. ಬಸ್ಸಿನಲ್ಲಿ ಕೂತ ಸಮತಾಳಿಗೆ ಕಿಟಕಿಯಾಚೆ ಹೂವಿನ ಹೊಲಗಳೂ ಕಾಣಲಿಲ್ಲ. ನೆಲದ ಮೇಲಿನ ಗೆರೆ ತಪ್ಪಾಗಿತ್ತೇ? ಹುಡುಗಿ ಅಲುಗಾಡಿದ್ದಳೇ? ಇಲ್ಲ, ಅವಳೇ ಮೊಣಕಾಲೂರಿ ನೋಡಿ ಹಾಕಿದ ಗೆರೆ. ಹಾಗಾದರೆ ಒಂದು ಸೆಂಟಿಮೀಟರು ಎಲ್ಲಿ ಹೋಯಿತು? ಮುದುಕಿ ಹೇಳಿದ ಮಾತು ಬೇಡವೆಂದರೂ ಕಿವಿಯಲ್ಲಿ ಕೂತಿತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ಚಾಪೆ ಹಾಸಿ ಭರತನನ್ನು ಕರೆದಳು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಅಳೆದರೆ ನಿಜ ಗೊತ್ತಾಗಿಬಿಡುತ್ತದೆ. ಹುಡುಗ ಟಿ.ವಿ. ಬಿಟ್ಟು ಬಂದು ಅಂಗಾತ ಮಲಗಿದ. ಆಟವೆಂದುಕೊಂಡು ಕಣ್ಣು ಮುಚ್ಚಿದ. ಸಮತಾ ಟೇಪಿನ ತುದಿಯನ್ನು ಅವನ ನೆತ್ತಿಯ ಹತ್ತಿರ ಹಿಡಿದಳು. ಇನ್ನೊಂದು ತುದಿಯನ್ನು ಕಾಲಿನವರೆಗೆ ಎಳೆಯಬೇಕು, ಅಷ್ಟೇ. ಕೈ ಮುಂದೆ ಹೋಗಲಿಲ್ಲ. ಅವಳು ಡಿ.ಎಡ್. ಮಾಡಿದವಳು, ಮೂಢನಂಬಿಕೆಯ ಮೇಲೆ ಮಕ್ಕಳಿಗೆ ಭಾಷಣ ಬರೆದುಕೊಟ್ಟವಳು. ಆದರೂ ಕಣ್ಣು ಮುಚ್ಚಿ ಮಲಗಿದ ಮಗನ ಮಗ್ಗುಲಲ್ಲಿ ಟೇಪು ಹಿಡಿದು ಕೂತಾಗ ಬೆನ್ನಲ್ಲಿ ಚಳಿ ಹುಟ್ಟಿತು.

“ಏಳಪ್ಪ, ಸಾಕು,” ಎಂದು ಎಬ್ಬಿಸಿ, ಟಿ.ವಿ. ಮುಂದೆ ಕಳಿಸಿದಳು.

ತನ್ನ ಮಗನಿಗೆ ಮಾಡಲಾಗದ್ದನ್ನು ಊರವರ ಮಕ್ಕಳಿಗೆಲ್ಲ ಮಾಡಿಬಂದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಪಕ್ಕೀರಮ್ಮನನ್ನು ತಿಳಿಯದ ಮುದುಕಿ ಎಂದು ಒಳಗೊಳಗೇ ಅಂದುಕೊಂಡಿದ್ದು ನೆನಪಾಗಿ ಇನ್ನೂ ನಾಚಿಕೆಯಾಯಿತು. ಮಗನನ್ನು ಮಣ್ಣು ಮಾಡಿದ ಆ ಹೆಂಗಸಿಗೆ ಈ ಚಳಿ ಎಷ್ಟು ಹುಟ್ಟಿರಬೇಡ?

ಕೊನೆಗೆ ಅವಳೇ ಚಾಪೆಯ ಮೇಲೆ ಮಲಗಿದಳು. ಅರುಣ್ ಕುಮಾರ ಟೇಪು ಹಿಡಿದು, “ಇದೇನು, ಮೋಟ್ರಿಗೆ ತಂತಿ ಅಳದಂಗ ಅಳೀಬೇಕೇನು?” ಎಂದು ನಗಾಡುತ್ತ ಅಳೆದ. ಮಲಗಿದಾಗ ನೂರೈವತ್ತಾರು. ಎದ್ದು ಗೋಡೆಗೆ ನಿಂತಾಗ ನೂರೈವತ್ತೈದು, ಅದೂ ಕುತ್ತಿಗೆ ಚಾಚಿ. ಅವನನ್ನು ಮಲಗಿಸಿ ಅಳೆದರೆ ಅವನೂ ಅಷ್ಟೇ, ನಿಂತರೆ ಒಂದು ಕಡಿಮೆ. ಫೋನಿನಲ್ಲಿ ಹುಡುಕಿದಳು. ನಿಂತಾಗ ಮೈಭಾರವೆಲ್ಲ ಬೆನ್ನುಮೂಳೆಯ ಮೇಲೆ ಕೂರುತ್ತದೆ, ಮಲಗಿದಾಗ ಅದು ಸಡಿಲಾಗುತ್ತದೆ, ಎಲ್ಲರಿಗೂ ಹಾಗೆಯೇ ಎಂದು ಅಲ್ಲಿ ಬರೆದಿತ್ತು. ಸಮತಾ ಗಂಡನ ಕೈ ಹಿಡಿದು ಚಾಪೆಯ ಮೇಲೆ ಕೂತುಬಿಟ್ಟಳು. ಮಗುವಿಗೆ ಏನೂ ಆಗಿಲ್ಲ. ಅಷ್ಟು ದಿನವೂ ಏನೋ ಆಗಿದೆಯೆಂದೇ ಅವಳು ಹೆದರಿದ್ದಳು, ಅದನ್ನು ಈಗ ತನಗೆ ತಾನೇ ಒಪ್ಪಿಕೊಂಡಳು.

ಸೋಮವಾರ ಶಾಲೆ ಬಿಟ್ಟ ಮೇಲೆ ಮತ್ತೆ ಆ ಅಂಗಳಕ್ಕೆ ಹೋದಳು. ಅಮಾವಾಸ್ಯೆ ಹತ್ತಿರ ಬಂದಿತ್ತು. ರೋಜಾಳ ಎರಡು ಲಂಗ, ಒಂದು ಕಂಬಳಿ ಗಂಟು ಕಟ್ಟಿ ಕಟ್ಟೆಯ ಮೇಲೆ ಇಟ್ಟಿದ್ದರು. ಪಕ್ಕೀರಮ್ಮ ತಲೆಯೆತ್ತಿ ನೋಡಿ, ಇನ್ನೇನು ಉಳಿದಿದೆ ಎಂಬಂತೆ ಮತ್ತೆ ಮೊಗ್ಗಿಗೆ ಕೈ ಹಾಕಿದಳು.

ಸಮತಾ ನಿಂತೇ ಎಲ್ಲ ಹೇಳಿದಳು. ಮಗನನ್ನು ಮಲಗಿಸಿ ಅಳೆಯಲು ಹೋಗಿ ಕೈ ಬರಲಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ. ಅದನ್ನು ಕೇಳಿದಾಗ ಮಾತ್ರ ಮುದುಕಿಯ ಕೈ ಹೂವಿನ ಮೇಲೆ ನಿಂತಿತು.

“ನಿಮಗೂ ಅಂಜಿಕಿ ಆತೇನು?”

“ಆತ್ರಿ. ಅದಕ್ಕ ನಾನ ಮಲಗಿದೆ. ನನ್ನ ಯಜಮಾನ್ರು ಅಳದ್ರು. ನಿಂತ್ರ ನನಗೂ ಒಂದು ಕಮ್ಮಿ ಬಂತು. ನನ್ನ ಮಾತು ನಂಬಬ್ಯಾಡ್ರಿ ಅಜ್ಜಿ, ನಿಮ್ಮ ಮುಂದ ಇಲ್ಲೇ ಮಲಗತೀನಿ. ರೋಜಾನ ನನ್ನ ಅಳೀಲಿ, ನೀವು ನೋಡ್ರಿ.”

ಹೇಳಿ ಅವಳು ಚಪ್ಪಲಿ ಕಳಚಿ, ಸೀರೆಯ ನೆರಿಗೆ ಒತ್ತಿಕೊಂಡು ನೆಲಕ್ಕೆ ಕೈಯೂರಿದಳು. ಅಷ್ಟರಲ್ಲಿ ಪಕ್ಕೀರಮ್ಮ ಹೂವಿನ ಬುಟ್ಟಿ ಸರಿಸಿ ಎದ್ದು ಬಂದು ಅವಳ ರಟ್ಟೆ ಹಿಡಿದಳು. ಅರವತ್ತು ದಾಟಿದ ಕೈಯಲ್ಲಿ ಅಷ್ಟು ಬಲವಿರಬಹುದೆಂದು ಸಮತಾ ಎಣಿಸಿರಲಿಲ್ಲ.

“ಏಳವ್ವ. ಸಣ್ಣ ಮಗ ಅದಾನ ಅಂದಿ, ಇಲ್ಲಿ ಮಲಗಬ್ಯಾಡ.” ‘ಟೀಚರಮ್ಮ’, ‘ರೀ’ ಎಲ್ಲ ಹೋಗಿ ಬರಿಯ ‘ಅವ್ವ’ ಉಳಿದಿತ್ತು. “ಒಬ್ಬರು ಮಲಗಲೇಬೇಕಂದ್ರ ನಾನು ಮಲಗತೀನಿ. ಅಳಿ ನನ್ನ.”

ಸಮತಾ ಬೇಡವೆಂದಳು. ಒಳಗಿನಿಂದ ರೇಣುಕಾ ಹಿಟ್ಟಿನ ಕೈಯಲ್ಲೇ ಓಡಿಬಂದು, “ಅತ್ತಿ, ಏನಿದು,” ಎಂದಳು. ಮುದುಕಿ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಯನ್ನು ಮೂಡಣಕ್ಕೆ ಮಾಡಿ, ತನ್ನ ಮಗನನ್ನು ಮಲಗಿಸಿದ್ದ ಅದೇ ಅಂಗಳದಲ್ಲಿ ಕಾಲು ನೀಡಿ ಮಲಗಿದಳು. ಕಣ್ಣು ಮಾತ್ರ ಮುಚ್ಚಲಿಲ್ಲ. ಅಳೆಯುವಷ್ಟು ಹೊತ್ತೂ ಮಾತು ನಿಲ್ಲಿಸಲಿಲ್ಲ. ರೇಣುಕಾ, ಒಲಿ ಮ್ಯಾಲಿನ ಹಂಚು ಇಳಸು. ಆ ಕೋಳಿ ಹೂವಿನ ಬುಟ್ಟಿಗೆ ಬಾಯಿ ಹಾಕತೈತಿ ನೋಡು. ನಾಗಕ್ಕಗ ನಾಳಿಗೆ ಕಾಲು ಕೇಜಿ ಮೊಗ್ಗು ಬೇಕಂತ ಹೇಳು. ಜೀವಂತ ಇದ್ದೇನೆ ಎಂದು ಯಾರಿಗೋ ಸಾಕ್ಷಿ ಹೇಳುತ್ತಿದ್ದಂತಿತ್ತು.

ರೋಜಾ ಟೇಪಿನ ತುದಿ ಹಿಡಿಯಲು ಒಪ್ಪಲಿಲ್ಲ. “ಬ್ಯಾಡಜ್ಜಿ, ಏಳು,” ಎಂದು ಅಳತೊಡಗಿದಳು. ಎರಡು ವಾರದ ಹಿಂದೆ ಇದೇ ಜಾಗದಲ್ಲಿ ನಗುತ್ತ ಮಲಗಿದ್ದ ಹುಡುಗಿ ಅವಳೇ. ಅಜ್ಜಿಯ ಅಂಜಿಕೆ ಈಗ ಅವಳೊಳಗೂ ಇಳಿದಿತ್ತು.

“ಸುಮ್ಕ ಹಿಡಿಯೇ. ಊರಾಗಿನ ಬಾಲ, ಹೊಸ್ತಿಲು ಎಲ್ಲಾ ಅಳದಾಕಿ, ಅಜ್ಜಿನ್ನ ಅಳಿಯಾಕ ಏನು ಧಾಡಿ?”

ಮಲಗಿದಾಗ ನೂರಾ ನಲವತ್ತೆಂಟು. ಸಮತಾ ಅವಳನ್ನು ಕೈಹಿಡಿದು ಎಬ್ಬಿಸಿ ಬಾಗಿಲ ಚೌಕಟ್ಟಿಗೆ ನಿಲ್ಲಿಸಿದಳು. ರೋಜಾ ಮೂಗು ಸೊರಸೊರ ಎಳೆಯುತ್ತ ಬೆರಳಿಟ್ಟು ನೋಡಿದಳು. ಮತ್ತೊಮ್ಮೆ ನೋಡಿದಳು.

“ನೂರಾ ನಲವತ್ತಾರು. ಅಜ್ಜಿ, ನೀನು ಎರಡು ಕಮ್ಮಿ ಆದಿ. ನಂದು ಒಂದ.”

“ಹೊರಿ ಹೊತ್ತು ನಿಂತಾಕಿ ಇನ್ನೇನು ಹೆಚ್ಚಾಗತಾಳ?” ಎಂದು ಪಕ್ಕೀರಮ್ಮ ಬೊಚ್ಚು ಬಾಯಿ ಬಿಟ್ಟು ನಕ್ಕಳು. ರೇಣುಕಾ ಬಾಗಿಲಿಗೆ ಒರಗಿ, ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. ಕಟ್ಟೆಯ ಮೇಲಿನ ಗಂಟನ್ನು ಅವಳೇ ಎತ್ತಿಕೊಂಡು ಒಳಗೆ ಹೋದಳು, ಅತ್ತೆಯನ್ನು ಕೇಳಲಿಲ್ಲ.

“ನಾಳಿಂದ ಕಳಸ್ತೀನಿ,” ಎಂದಳು ಮುದುಕಿ. “ಆದ್ರ ನಿಂದ್ರಿಸಿ ಅಳೀಬೇಕು. ಯಾರ ಮಕ್ಕಳನ್ನೂ ಮಲಗಿಸಬ್ಯಾಡ.”

“ಇಲ್ರಿ ಅಜ್ಜಿ. ಮೇಷ್ಟ್ರು ಬೈದ್ರೂ ಗ್ವಾಡಿಗೆ ನಿಂದ್ರಿಸ್ತೀನಿ.”

ಮನಸ್ಸು ಹಗುರಾದ ಸಮತಾ ಟೇಪು ಸುತ್ತುತ್ತ ಕೇಳಿದಳು, “ಅಂದ್ರ ಮಲಗುವಾಗ ನಿಮಗ ನನ್ನ ಮಾತಿನ ಮ್ಯಾಲ ನಂಬಿಕಿ ಬಂದಿತ್ತು, ಹೌದಲ್ರಿ?”

ಪಕ್ಕೀರಮ್ಮ ಹೂವಿನ ಬುಟ್ಟಿಯ ಮುಂದೆ ಕೂತು ದಾರ ಹುಡುಕುತ್ತಿದ್ದಳು. ರೋಜಾ ಅವಳ ಬೆನ್ನಿಗೆ ಹತ್ತಿದ ಮಣ್ಣನ್ನು ಪಟಪಟನೆ ಬಡಿದು ಕೊಡವುತ್ತಿದ್ದಳು.

“ಎಲ್ಲಿ ನಂಬಿಕಿ,” ಎಂದಳು ಮುದುಕಿ, ಧ್ವನಿ ತಗ್ಗಿಸಿ, ಹುಡುಗಿಗೆ ಕೇಳದಂತೆ. “ನೀ ಹೇಳಿದ್ದು ಖರೇ ಇದ್ರ ಹುಡುಗಿಗೆ ಏನೂ ಆಗಂಗಿಲ್ಲ. ನಾ ಅಂದದ್ದು ಖರೇ ಇದ್ರ, ಅಳತಿ ಈಗ ನನ್ನ ಮ್ಯಾಲ ಬಂತು, ಆಕಿದು ತಪ್ಪಿತು. ಯಾವ ಕಡಿಯಿಂದ ನೋಡಿದ್ರೂ ಹುಡುಗಿ ಉಳದ್ಲಲ್ಲ.”

ಸಮತಾ ಮುದುಕಿಯ ಪಕ್ಕ ಮಣ್ಣಿನಲ್ಲೇ ಕೂತಳು. ಪಕ್ಕೀರಮ್ಮ ಅವಳ ಕಡೆ ನೋಡದೆ ಮೊಗ್ಗು ಕಟ್ಟತೊಡಗಿದಳು.